ಕಾಲು ನೀಡಿದ ಭಾನುವಾರ

ತಂಗಿಯ ಮಗಳು ನನ್ನನ್ನು ತನ್ನ ಊರಿಗೆ ಕರೆತಂದ ಮೇಲೆ ಮೊದಲ ಭಾನುವಾರವೇ ಚರ್ಚಿಗೆ ಹೊರಡಿಸಿದಳು. ಅವಳು ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ ಬಿಡುವ ಡ್ರೈವರು. ಮಕ್ಕಳಿಗೆ ಮಾಡುವ ಹಾಗೆಯೇ ನನ್ನ ಸ್ವೆಟರಿನ ಗುಂಡಿಯನ್ನು ಕತ್ತಿನವರೆಗೂ ಹಾಕಿ, "ದೊಡ್ಡಮ್ಮ, ಮುಂದೆ ಕೂತ್ಕೋ. ಬಾಗಿಲ ಹಿಡಿ ಮುಟ್ಟಬೇಡ" ಅಂದಳು. ಕೂತೆ. ಕೂರು ಎಂದಲ್ಲಿ ಕೂರುವುದು, ಏಳು ಎಂದಾಗ ಏಳುವುದು ನನಗೆ ಕಷ್ಟವಲ್ಲ. ಆಯಸ್ಸಿನ ಬಹುಪಾಲು ಅದನ್ನೇ ಮಾಡಿದ್ದೇನೆ.

ದೇವರ ಜೊತೆ ನನಗೆ ಜಗಳವಿರಲಿಲ್ಲ. ಹಾಗೆಂದು ಹೋಗಿ ಬರುವ ಬಳಕೆಯೂ ಇರಲಿಲ್ಲ. ಕೂಸಾಗಿದ್ದಾಗ ಅಮ್ಮ ನನಗೆ ದೀಕ್ಷಾಸ್ನಾನ ಮಾಡಿಸಿದ್ದಳಂತೆ. ಎಲ್ಲರೂ ಹೇಳಿದ್ದರಿಂದ ಅದು ನನಗೂ ಗೊತ್ತು, ಅಷ್ಟೇ. ಹುಡುಗಿಯಾಗಿದ್ದಾಗಲೇ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದೆ. ಅಲ್ಲಿ ಭಾನುವಾರ ಎಂಬ ವಾರವೇ ಇಲ್ಲ. ಕಾಯಿಲೆಗೆ ರಜೆ ಎಲ್ಲಿದೆ?

ರೋಗಿಗಳ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಹಾಸಿಗೆಯಲ್ಲಿ ಮಾಡಿಕೊಂಡದ್ದನ್ನು ತೆಗೆಯುವುದು, ನೆಲಕ್ಕೆ ಫಿನಾಯಿಲ್ ಹಾಕುವುದು, ಇದೆಲ್ಲ ಇದ್ದದ್ದೇ. ಜೊತೆಗೆ ಜೀವ ಹೋದವರನ್ನು ಮನೆಯವರು ನೋಡುವ ಮೊದಲು ತೊಳೆದು, ಕಣ್ಣು ಮುಚ್ಚಿ, ಗದ್ದಕ್ಕೆ ಪಟ್ಟಿ ಕಟ್ಟಿ, ತಲೆ ಬಾಚಿ ಮಲಗಿಸುವುದೂ ನನ್ನ ಪಾಲಿಗೇ ಬಂತು. ಡಾಕ್ಟರು ಕೈ ಬಿಟ್ಟವರೆಲ್ಲ ನನ್ನ ಕೈಗೆ. ಆ ಕೆಲಸ ನಾನು ಚೆನ್ನಾಗಿ ಮಾಡಿದೆ. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆದರೆ ಊರಿನ ಕಣ್ಣಿಗೆ ಆ ಕೈ ಬೇರೆ ಥರ ಕಾಣುತ್ತಿತ್ತು. ನನ್ನ ಅತ್ತೆ, "ಆ ಕೈಯಲ್ಲಿ ಒಲೆ ಮುಟ್ಟಬೇಡ ತಾಯಿ" ಎನ್ನುತ್ತಿದ್ದಳು. ಕೆಲಸ ಮುಗಿಸಿ ಬಂದರೆ ಹಿತ್ತಲ ನಲ್ಲಿಯಲ್ಲಿ ಮಿಂದು, ಹಿಂದಿನ ಬಾಗಿಲಿನಿಂದಲೇ ಒಳಗೆ. ಯಾರ ಮನೆಯ ಮದುವೆಗೆ ಹೋದರೂ ನನ್ನ ತಟ್ಟೆಯನ್ನು ಕೈಗೆ ಕೊಡದೆ ಮುಂದಕ್ಕೆ ಸರಿಸುತ್ತಿದ್ದರು. ಅವರು ಕೆಟ್ಟವರಲ್ಲ, ಹೆದರಿಕೆ. ಸಾವು ಅಂಟುಜಾಡ್ಯ ಎಂದುಕೊಂಡಿದ್ದರು. ಹಾಗಾಗಿ ಎಲ್ಲಿಗೆ ಹೋದರೂ ಬಾಗಿಲ ಪಕ್ಕ ನಿಲ್ಲುವುದು ನನಗೆ ರೂಢಿಯಾಯಿತು. ಗಂಡ ತೀರಿಕೊಂಡ, ಅತ್ತೆಯೂ ತೀರಿಕೊಂಡಳು, ಅವಳನ್ನೂ ನಾನೇ ತೊಳೆದು ಮಲಗಿಸಿದೆ. ರೂಢಿ ಮಾತ್ರ ಹೋಗಲಿಲ್ಲ.

ತಂಗಿ ಮಗಳ ಚರ್ಚಿನಲ್ಲೂ ಕಣ್ಣು ಮೊದಲು ಬಾಗಿಲನ್ನೇ ಹುಡುಕಿತು. ಪಕ್ಕದ ಸಣ್ಣ ಬಾಗಿಲ ಹತ್ತಿರ, ಕೊನೆಯ ಬೆಂಚಿನ ಆಚೆ, ನೆಲ ಒರೆಸುವ ಬಕೆಟ್ಟು ಇಟ್ಟಿದ್ದರು. ಅದನ್ನು ಸ್ವಲ್ಪ ಸರಿಸಿ ಕೂತೆ. ಕೂತಿದ್ದೇ ತಡ, ಕೋಲೂರಿಕೊಂಡು ಒಬ್ಬಳು ಎತ್ತರದ ಮುದುಕಿ ಬಂದಳು. ಚರ್ಚಿನ ಗಂಟೆ ಹೊಡೆಯುವವಳು. ಎಲ್ಲರೂ ಅವಳನ್ನು ಗಂಟೆಯಮ್ಮ ಎಂದೇ ಕರೆಯುತ್ತಿದ್ದರು. ಗಂಟೆಗೂ ಅವಳ ಗಂಟಲಿಗೂ ಅಂಥ ವ್ಯತ್ಯಾಸವಿರಲಿಲ್ಲ.

"ಅದು ಬಕೆಟ್ಟಿನ ಜಾಗ ಕಣಮ್ಮಾ. ಮನುಷ್ಯರ ಜಾಗ ಅಲ್ಲಿದೆ."

"ನನಗೆ ಇಲ್ಲೇ ಆಗುತ್ತೆ."

"ನಿಮಗೆ ಆಗುತ್ತೆ, ಬಕೆಟ್ಟಿಗೆ ಆಗಬೇಡ್ವಾ?"

ಮುಂದಿದ್ದವರು ತಿರುಗಿ ನೋಡಿ ನಕ್ಕರು. ನಾನು ಒಂದು ಬೆಂಚು ಮುಂದಕ್ಕೆ ಹೋದೆ. ಅವಳು ಪಕ್ಕದಲ್ಲೇ ಕೂತು ಕೋಲನ್ನು ಅಡ್ಡ ಇಟ್ಟಳು, ನಾನು ಮತ್ತೆ ಎದ್ದು ಓಡದ ಹಾಗೆ.

ಹೀಗೆ ಹಲವು ಭಾನುವಾರ ಹೋದವು. ಹಾಡುತ್ತಾರೆ, ಎದ್ದು ನಿಲ್ಲುತ್ತಾರೆ, ಕೂರುತ್ತಾರೆ, ಪಾಸ್ಟರ್ ಓದುತ್ತಾರೆ. ಪಾಸ್ಟರ್ ಎಂದರೆ ಸೈಕಲ್ಲಿನಲ್ಲಿ ಓಡಾಡುವ ಒಬ್ಬ ಸಣಕಲು ಗಂಡಸು. ಚೈನಿಗೆ ಸಿಗದಿರಲೆಂದು ಪ್ಯಾಂಟಿನ ಕಾಲಿಗೆ ಹಾಕಿದ ಕ್ಲಿಪ್ಪನ್ನು ತೆಗೆಯಲು ಮರೆತು ಹಾಗೆಯೇ ಪ್ರಾರ್ಥನೆಗೆ ನಿಂತುಬಿಡುವ ಆಸಾಮಿ. ಕೊನೆಗೆ ತುಂಡು ಮಾಡಿದ ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಬರುತ್ತದೆ. ಸಭೆಗೆ ಸೇರಿದವರು ಒಂದೊಂದು ತುಂಡು ತೆಗೆದುಕೊಳ್ಳುತ್ತಾರೆ. ನಾನು ಸೇರಿದವಳಲ್ಲ. ಗಂಟೆಯಮ್ಮ ತಟ್ಟೆಯನ್ನು ನನ್ನ ಮಡಿಲ ಮೇಲಿಂದ ದಾಟಿಸಿ ಆಚೆಯವರಿಗೆ ಕೊಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನಗೆ ಕೈಗೂ ಬರಲಿಲ್ಲ. ಮೊದಮೊದಲು ಅದರಿಂದ ಏನೂ ಅನ್ನಿಸಲಿಲ್ಲ. ತಟ್ಟೆ ನನ್ನನ್ನು ದಾಟಿ ಹೋಗುವುದು ಹೊಸದೇನಲ್ಲವಲ್ಲ.

ಒಂದು ಭಾನುವಾರದ ವಾಚನ ನನ್ನ ನಿದ್ದೆ ಕೆಡಿಸಿತು. ಯೇಸುಸ್ವಾಮಿ ತಮ್ಮ ಸಾವಿನ ಹಿಂದಿನ ದಿನ ಊಟದಿಂದ ಎದ್ದರಂತೆ. ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು, ಬೋಗುಣಿಗೆ ನೀರು ಹೊಯ್ದು, ಶಿಷ್ಯರ ಕಾಲು ತೊಳೆದು, ಅದೇ ಟವೆಲ್ಲಿನಲ್ಲಿ ಒರೆಸಿದರಂತೆ.

ನಾನು ನೆಟ್ಟಗೆ ಕೂತೆ. ಸೊಂಟಕ್ಕೆ ಟವೆಲ್ಲು! ನಾನೂ ಹಾಗೆಯೇ ಸುತ್ತಿಕೊಳ್ಳುತ್ತಿದ್ದೆ. ಹೆಗಲಿಗೆ ಹಾಕಿಕೊಂಡರೆ ಬಗ್ಗಿದಾಗ ಜಾರಿ ನೀರಿಗೆ ಬೀಳುತ್ತದೆ. ಮೇಲಂಗಿಯ ತೋಳು ಒದ್ದೆಯಾಗುತ್ತದೆ, ಅದಕ್ಕೇ ಅದನ್ನು ಮೊದಲು ತೆಗೆದಿಟ್ಟದ್ದು. ಅಲ್ಲಿಯವರೆಗೆ ಅವರು ನೀರಿನ ಮೇಲೆ ನಡೆದದ್ದು, ಗಾಳಿಯನ್ನು ಗದರಿಸಿದ್ದು ಎಲ್ಲ ಕೇಳಿದ್ದೆ. ದೊಡ್ಡವರು, ದೊಡ್ಡವರ ಕೆಲಸ ಎಂದು ಸುಮ್ಮನಿದ್ದೆ. ಈಗ ಅನ್ನಿಸಿತು, ಅಯ್ಯೋ, ಇವರು ನಮ್ಮ ಕೆಲಸದವರು! ಆಮೇಲೆ ಪಾಸ್ಟರ್ ಏನು ಓದಿದರೋ ನನಗೆ ಕೇಳಿಸಲೇ ಇಲ್ಲ.

ಎಲ್ಲ ಮುಗಿದ ಮೇಲೆ ಅವರನ್ನು ತಡೆದು ಕೇಳಿದೆ.

"ಅಯ್ಯನೋರೇ, ಸ್ವಾಮಿ ಎಲ್ಲರ ಕಾಲೂ ತೊಳೆದರಾ? ಅವರನ್ನ ಶತ್ರುಗಳಿಗೆ ಹಿಡ್ಕೊಟ್ಟ ಶಿಷ್ಯ ಇದ್ದನಲ್ಲ, ಅವನದ್ದೂ?"

"ಅವನೂ ಅಲ್ಲೇ ಕೂತಿದ್ದನಮ್ಮ. ಅವನದ್ದೂ."

"ಗೊತ್ತಿದ್ದೂ?"

"ಗೊತ್ತಿದ್ದೂ."

ಅಷ್ಟು ಸಾಕಾಯಿತು. ವಾರ್ಡಿನಲ್ಲಿ ನಾವೂ ಆರಿಸುತ್ತಿರಲಿಲ್ಲ. ಈ ಮಂಚದಲ್ಲಿ ಕಳ್ಳ, ಪಕ್ಕದ ಮಂಚದಲ್ಲಿ ಅವನನ್ನು ಹಿಡಿದ ಪೊಲೀಸು. ಇಬ್ಬರಿಗೂ ಅದೇ ನೀರು, ಅದೇ ಕೈ.

ಆ ಸಂಜೆ ಪಾತ್ರೆ ತೊಳೆಯುತ್ತ ನಿಂತಿದ್ದಾಗ ನನ್ನ ಬಾಯಿಂದ ತಾನಾಗಿ ಬಂತು: "ನೀರು ಬೆಚ್ಚಗಿತ್ತಾ ಸ್ವಾಮಿ?" ಪ್ರಾರ್ಥನೆ ಎಂದರೆ ಅದೇ ಮೊದಲು. ಉತ್ತರ ಬರಲಿಲ್ಲ. ಆದರೆ ಮಾತಾಡಲಾಗದ ರೋಗಿಯ ಪಕ್ಕ ಕೂತು ಮಾತಾಡಿದವರಿಗೆ ಗೊತ್ತಿರುತ್ತದೆ, ಕೇಳಿಸಿಕೊಳ್ಳುವ ಮೌನ ಬೇರೆ, ಕೇಳಿಸಿಕೊಳ್ಳದ ಮೌನ ಬೇರೆ. ಇದು ಕೇಳಿಸಿಕೊಂಡ ಮೌನ. ಆಮೇಲೆ ದಿನವೂ ಪಾತ್ರೆಯ ಹೊತ್ತಿಗೆ ನಮ್ಮಿಬ್ಬರ ಮಾತು. ಹೆಚ್ಚಾಗಿ ಕೆಲಸದ ವಿಷಯವೇ.

ಅಲ್ಲಿಂದ ಮುಂದೆ ತಟ್ಟೆ ಮಡಿಲ ಮೇಲಿಂದ ದಾಟಿ ಹೋದಾಗ ನನ್ನ ಕಣ್ಣು ಬೆಂಚಿನ ತುದಿಯವರೆಗೂ ಅದರ ಹಿಂದೆಯೇ ಹೋಗತೊಡಗಿತು. ಒಂದು ದಿನ ವ್ಯಾನಿನಲ್ಲಿ ಹೇಳಿಯೇಬಿಟ್ಟೆ.

"ಮಗಾ, ನನಗೂ ಆ ರೊಟ್ಟಿ ಬೇಕು."

ಅವಳು ಗಕ್ಕನೆ ಬ್ರೇಕು ಹಾಕಿದಳು. ಹಿಂದಿನ ಗಾಡಿಯವನು ಹಾರ್ನು ಹೊಡೆದ. "ಹೋಗಯ್ಯಾ, ನಮ್ಮ ದೊಡ್ಡಮ್ಮ ಬಾಯಿ ಬಿಟ್ಟು ಏನೋ ಕೇಳಿದಾಳೆ!" ಎಂದು ಕಿಟಕಿಯಿಂದ ಕೂಗಿದಳು. ಅವನಿಗೇನು ಅರ್ಥವಾಯಿತೋ, ದಾಟಿಕೊಂಡು ಹೋದ.

ಮರುದಿನವೇ ಪಾಸ್ಟರ್ ಮನೆಗೆ ಬಂದರು. ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿದರು. ಬರುವ ಭಾನುವಾರ ಪಾದ ತೊಳೆಯುವ ಆರಾಧನೆ, ಹೊಸಬರನ್ನು ಈ ಸಭೆ ಸೇರಿಸಿಕೊಳ್ಳುವುದು ಹಾಗೆಯೇ, ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, ಅದಾದ ಮೇಲೆ ಎಲ್ಲರ ಜೊತೆ ರೊಟ್ಟಿ ಎಂದರು. "ಭಯ ಇಲ್ಲ ತಾನೇ?" ಎಂದು ಕೇಳಿದರು.

"ಭಯ ಯಾಕೆ ಅಯ್ಯನೋರೇ? ಇಷ್ಟು ದಿನ ಮಾಡಿದ್ದೇ ಅದು" ಅಂದೆ.

ಅವರು ತಲೆಯಾಡಿಸಿ ಹೋದರು. ಯಾರು ಯಾರ ಕಾಲು ತೊಳೆಯುವುದು ಎಂದು ಅವರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದರಲ್ಲಿ ಕೇಳುವುದೇನಿದೆ? ಕಾಲು ತೊಳೆಯುವ ಜಾಗದಲ್ಲಿ ಎರಡು ಕಡೆ ಇರುತ್ತವೆ. ಹುಟ್ಟಿದಂದಿನಿಂದ ನಾನು ನಿಂತದ್ದು ಒಂದೇ ಕಡೆ.

ಆ ವಾರವೆಲ್ಲ ನನಗೆ ಹಬ್ಬ. ಉಗುರು ಕತ್ತರಿಸಿಕೊಂಡೆ. ಮನೆಯಲ್ಲಿದ್ದ ಟವೆಲ್ಲುಗಳನ್ನೆಲ್ಲ ಒಗೆದು, ಒಣಗಿಸಿ, ಮಡಿಸಿ ಚೀಲಕ್ಕೆ ತುಂಬಿದೆ. ಭಾನುವಾರ ಬೆಳಿಗ್ಗೆ ಚರ್ಚಿನ ಹಿಂದಿನ ಅಡುಗೆಕೋಣೆಯಲ್ಲಿ ಎರಡು ದೊಡ್ಡ ಕೆಟಲು ನೀರು ಕಾಯಿಸಿಟ್ಟೆ. ತಂಗಿ ಮಗಳು ನೋಡಿ, "ಇಷ್ಟೊಂದು ಯಾಕೆ ದೊಡ್ಡಮ್ಮ?" ಅಂದಳು.

"ಬೇಕಾಗುತ್ತೆ."

"ನಿನಗೆ ಸಡಗರ ಜಾಸ್ತಿಯಾಗಿದೆ" ಎಂದು ನಕ್ಕು ವ್ಯಾನು ನಿಲ್ಲಿಸಲು ಹೋದಳು.

ಒಳಗೆ ಮೇಜಿನ ಮುಂದೆ ಒಂದು ಕುರ್ಚಿ, ಅದರ ಪಕ್ಕ ಒಂದು ಬೋಗುಣಿ ಇಟ್ಟಿದ್ದರು. ಜನ ಬಂದು ಕೂರುತ್ತಿದ್ದರು. ಪಾಸ್ಟರ್ ಇನ್ನೂ ಪಕ್ಕದ ಕೋಣೆಯಲ್ಲಿ ನಿಲುವಂಗಿ ಹಾಕಿಕೊಳ್ಳುತ್ತಿದ್ದರು. ಗಂಟೆಯಮ್ಮ ಮೇಲೆ ಗಂಟೆ ಹೊಡೆಯುತ್ತಿದ್ದಳು. ಇಷ್ಟು ಜನಕ್ಕೆ ಒಂದೇ ಕುರ್ಚಿ ಇಟ್ಟರೆ ಸಂಜೆಯಾದರೂ ಮುಗಿಯುವುದಿಲ್ಲ ಎಂದುಕೊಂಡೆ. ರೋಗಿಯನ್ನು ಎಬ್ಬಿಸಿ ನೀರಿನ ಹತ್ತಿರ ಕರೆತರುವುದು ಯಾವ ಪದ್ಧತಿ? ನೀರೇ ಹೋಗಬೇಕು. ಬೋಗುಣಿ ಎತ್ತಿಕೊಂಡು, ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈಯಿಂದ ಹದ ನೋಡಿ, ಸೊಂಟಕ್ಕೆ ಟವೆಲ್ಲು ಸುತ್ತಿ, ಮೊದಲ ಬೆಂಚಿನ ತುದಿಯಲ್ಲಿ ಮಂಡಿಯೂರಿದೆ.

ಅಲ್ಲಿ ಕೂತಿದ್ದವರು ನಿವೃತ್ತ ಮೇಷ್ಟ್ರು.

"ಕಾಲು ಕೊಡಿ."

"ನಂದಾ?"

"ಇಲ್ಲಿ ಇನ್ಯಾರಿದಾರೆ? ಹೂಂ, ಬೂಟು ಬಿಚ್ಚಿ."

ವಾರ್ಡಿನ ದನಿ ನನಗೆ ತಿಳಿಯದೆ ಬಂದುಬಿಟ್ಟಿತ್ತು. ಆ ದನಿಗೆ ಮಂತ್ರಿಯೂ ಕಾಲು ಕೊಟ್ಟಿದ್ದಾರೆ. ಮೇಷ್ಟ್ರು ಕಾಲುಚೀಲ ಬಿಚ್ಚಿ ಕೊಟ್ಟರು. ಅವರನ್ನು ನೋಡಿ ಪಕ್ಕದವರೂ ಬಿಚ್ಚಿದರು. ಪಾಸ್ಟರ್ ಈ ಸಲ ಏನೋ ಹೊಸದು ಮಾಡಿಸುತ್ತಿದ್ದಾರೆ ಎಂದುಕೊಂಡರಂತೆ. ನಾನು ಒಬ್ಬೊಬ್ಬರದನ್ನೇ ಹಿಡಿದು, ತೊಳೆದು, ಒರೆಸಿ ಮುಂದೆ ಹೋದೆ. ಮುಖ ನೋಡಿ ತಿಳಿಯದ್ದು ಕಾಲು ನೋಡಿದರೆ ತಿಳಿಯುತ್ತದೆ. ಬೇಕರಿಯವನ ಹಿಮ್ಮಡಿ ಒಲೆಯ ಕಾವಿಗೆ ಒಡೆದು ಬಾಯಿ ಬಿಟ್ಟಿತ್ತು. ದಿನವಿಡೀ ನಿಂತೇ ಇರುವ ಅಂಗಡಿಯ ಹೆಂಗಸಿನ ಕಾಲಿನಲ್ಲಿ ನರಗಳು ಹಗ್ಗದ ಹಾಗೆ ಎದ್ದಿದ್ದವು. ಹೊಸ ಬೂಟು ಕಚ್ಚಿದ ಗಾಯವನ್ನು ಒಬ್ಬ ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ.

"ಇದಕ್ಕೆ ಔಷಧಿ ಹಚ್ಚಿದೀಯಾ?"

"ಇಲ್ಲ ಆಯಮ್ಮ."

"ಏನ್ರೀ ಗಾಯ? ಯಾವ ಗಾಯ?" ಎಂದು ಹೆಂಡತಿ ಬಗ್ಗಿದಳು. ಅವರ ಜಗಳವನ್ನು ಅವರಿಗೇ ಬಿಟ್ಟು ನಾನು ಮುಂದಕ್ಕೆ ಸರಿದೆ.

ಪಾಸ್ಟರ್ ನಿಲುವಂಗಿ ಹಾಕಿಕೊಂಡು ಹೊರಗೆ ಬಂದು ನೋಡುತ್ತಾರೆ, ಅರ್ಧ ಸಭೆ ಬರಿಗಾಲಲ್ಲಿ ಕೂತಿದೆ. ಒಂದು ಸಲ ಖಾಲಿ ಕುರ್ಚಿಯನ್ನು ನೋಡಿದರು, ಒಂದು ಸಲ ನನ್ನನ್ನು. ಮೆಲ್ಲಗೆ ಬಂದು ಮೂರನೆಯ ಬೆಂಚಿನಲ್ಲಿ ಜಾಗ ಮಾಡಿಕೊಂಡು, ಕ್ಲಿಪ್ಪು ತೆಗೆದು ತಾವೂ ಕಾಲು ಕೊಟ್ಟರು. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಅಂದೇ.

ಅಷ್ಟರಲ್ಲಿ ಗಂಟೆಯಮ್ಮ ಮೆಟ್ಟಿಲಿಳಿದು ಬಂದಳು. ಬಾಗಿಲಲ್ಲೇ ನಿಂತು ಕೋಲಿನಿಂದ ನೆಲ ಕುಟ್ಟಿದಳು.

"ಅಯ್ಯೋ ನನ್ನ ದೇವರೇ! ಮದುಮಗಳೇ ಪಾತ್ರೆ ತೊಳೀತಾ ಕೂತಿದಾಳಲ್ಲ! ನಿಮಗ್ಯಾರಿಗೂ ಬಾಯಿ ಇರಲಿಲ್ವಾ?"

"ನಾನೇ ಹೇಳೋಣ ಅಂತಿದ್ದೆ" ಎಂದರು ಮೇಷ್ಟ್ರು.

"ಕಾಲು ಬೆಚ್ಚಗಾದ ಮೇಲೆ ಹೇಳೋಣ ಅಂತಿದ್ರಿ." ಅವಳು ನನ್ನ ಹತ್ತಿರ ಬಂದಳು. "ಏಳಮ್ಮಾ. ಆ ಕುರ್ಚಿ ನಿನಗೆ ಇಟ್ಟಿರೋದು. ನೀನು ಕೂತ್ಕೋಬೇಕು, ನಾವು ತೊಳೀಬೇಕು. ಈ ಸಭೆ ಕಟ್ಟಿದಾಗಿಂದ ಹಾಗೇ."

ಕೈಯಲ್ಲಿದ್ದ ಟವೆಲ್ಲು ಕೆಳಗೆ ಬಿತ್ತು. ನನಗೆ ಗೊತ್ತಿಲ್ಲದೆಯೇ ಎರಡೂ ಕಾಲನ್ನು ಒಳಕ್ಕೆ ಎಳೆದುಕೊಂಡೆ.

ನನ್ನ ಕಾಲಿನ ವಿಷಯ ಹೇಳಬೇಕು. ಫಿನಾಯಿಲ್ ನೀರಿನಲ್ಲಿ ನಿಂತು ನಿಂತು ಬೆರಳ ಸಂದಿಯ ಚರ್ಮ ಸುಲಿದು ಬೆಳ್ಳಗಾಗಿದೆ. ಉಗುರುಗಳು ಹಳದಿಯಾಗಿ, ದಪ್ಪಗಾಗಿ ಸೊಟ್ಟಗೆ ಬೆಳೆದಿವೆ. ಎಡಗಾಲಿನ ಮೇಲೆ ಕುದಿನೀರು ಬಿದ್ದ ಕಲೆ ಸುಕ್ಕುಗಟ್ಟಿದೆ. ಅಂಟುವಂಥದ್ದಲ್ಲ ಎಂದು ಡಾಕ್ಟರೇ ಹೇಳಿದ್ದರು. ಆದರೂ ಕಟ್ಟಿಕೊಂಡ ಗಂಡನ ಮುಂದೆಯೂ ಕಾಲುಚೀಲ ಬಿಚ್ಚಿದವಳಲ್ಲ ನಾನು. ಇನ್ನು ಇಷ್ಟು ಜನರ ನಡುವೆ, ಕುರ್ಚಿಯ ಮೇಲೆ ಕೂತು?

"ಬೇಡ" ಅಂದೆ.

ಪಾಸ್ಟರ್ ಬಗ್ಗಿ, "ಆಯಮ್ಮ, ಸಭೆ ಸೇರೋಕೆ ಇದೊಂದೇ ದಾರಿ" ಅಂದರು.

"ಇಷ್ಟು ಜನರದ್ದು ತೊಳೆದಿದೀನಲ್ಲ ಅಯ್ಯನೋರೇ, ಅಷ್ಟು ಸಾಲದಾ?"

ಅವರು ಗಂಟೆಯಮ್ಮನ ಕಡೆ ನೋಡಿದರು. ಅವಳ ಬಳಿ ಉತ್ತರ ಸಿದ್ಧವಿತ್ತು. "ಸಾಲದು."

"ಹಾಗಾದ್ರೆ ನನಗೆ ರೊಟ್ಟಿ ಬೇಡ."

ಒದ್ದೆ ಟವೆಲ್ಲುಗಳನ್ನೆಲ್ಲ ಬಾಚಿಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ನಡೆದೆ. ಅಂಗಳದಲ್ಲಿ ನಲ್ಲಿ ಇತ್ತು. ಒಂದೊಂದೇ ಟವೆಲ್ಲು ಹಿಂಡತೊಡಗಿದೆ. ಕೈಗೆ ಕೆಲಸ ಕೊಟ್ಟರೆ ಕಣ್ಣು ಸುಮ್ಮನಿರುತ್ತದೆ ಎಂದು ನಂಬಿದ್ದೆ. ಅಂದು ಅದೂ ಸುಳ್ಳಾಯಿತು. ಬೇಡ ಎಂದದ್ದೇ ತಡ, ಆ ರೊಟ್ಟಿ ನನಗೆ ಎಷ್ಟು ಬೇಕಾಗಿತ್ತು ಎಂದು ತಿಳಿಯಿತು. ಪಾತ್ರೆಯ ಹೊತ್ತಿನಲ್ಲಿ ಮಾತಾಡಿದಂತೆ, "ನೀವೇ ಹೇಳಿ ಸ್ವಾಮಿ, ನಾನೇನು ತಪ್ಪು ಮಾಡಿದೆ? ನೀವು ಮಾಡಿದ್ದನ್ನೇ ಮಾಡಿದೆ" ಅಂದೆ.

ಹಿಂದಿನಿಂದ ಕೋಲಿನ ಸದ್ದು ಬಂತು. ಗಂಟೆಯಮ್ಮ ನಲ್ಲಿಯ ಕಟ್ಟೆಯ ಮೇಲೆ ಉಸ್ಸೆಂದು ಕೂತಳು.

"ಟವೆಲ್ಲು ಹರಿದುಹೋಗುತ್ತೆ. ಅದರ ಮೇಲೆ ಯಾಕೆ ಸಿಟ್ಟು?"

ನಾನು ಇನ್ನೊಂದು ಟವೆಲ್ಲು ಎತ್ತಿಕೊಂಡೆ.

"ಅವತ್ತು ಆ ವಾಚನ ಓದಿದಾಗ ನಾನು ನಿನ್ನ ಪಕ್ಕದಲ್ಲೇ ಇದ್ದೆ. ಟವೆಲ್ಲು ಅಂದಿದ್ದೇ ತಡ, ನಿನ್ನ ಮುಖ ದೀಪ ಹಚ್ಚಿದ ಹಾಗೆ ಆಯ್ತು. ಆಮೇಲೆ ನೀನು ಕೇಳಲೇ ಇಲ್ಲ. ಒಬ್ಬ ಶಿಷ್ಯ ನಿನ್ನ ಹಾಗೇ ಕಾಲು ಎಳ್ಕೊಂಡ. ನೀವು ನನ್ನ ಕಾಲು ಮುಟ್ಟೋದಾ, ಆಗೋದೇ ಇಲ್ಲ ಅಂದ."

ಕೈ ನಿಂತಿತು. "ಸ್ವಾಮಿ ಏನಂದ್ರು?"

"ಹಾಗಾದ್ರೆ ನಮ್ಮಿಬ್ಬರಿಗೆ ಸಂಬಂಧವೇ ಇಲ್ಲ ಹೋಗು ಅನ್ನೋ ಹಾಗೆ ಅಂದ್ರು. ಅವನು ಗಡಗಡ ನಡುಗಿ, ಕಾಲೇನು, ತಲೆಗೂ ಹಾಕಿ ಅಂದ."

ಇದನ್ನು ನಾನು ನಿಜವಾಗಿಯೂ ಕೇಳಿರಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನು ಕಟ್ಟೆಯ ಮೇಲೆ ಇಟ್ಟೆ.

"ನನ್ನ ಕಾಲು ನೀವು ನೋಡಿಲ್ಲ" ಅಂದೆ ಕೊನೆಗೆ. "ನೋಡಿದ್ರೆ ಅಸಹ್ಯ ಆಗುತ್ತೆ."

ಛೆ ಛೆ ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಗೆ ಹೇಳಲಿಲ್ಲ.

"ಆದರೂ ಆಗಬಹುದು" ಅಂದಳು. "ನಿನಗೆ ಆಗ್ತಿರಲಿಲ್ವಾ, ಆಸ್ಪತ್ರೇಲಿ?"

"ಮೊದಮೊದಲು ಆಗ್ತಿತ್ತು."

"ಆಮೇಲೆ?"

"ಕೈ ಇಟ್ಟ ಮೇಲೆ ಹೋಗ್ತಿತ್ತು."

"ಹಾಗಾದ್ರೆ ನನಗೂ ಕೈ ಇಡೋಕೆ ಬಿಡೇ, ಹಠಮಾರಿ! ಅದು ಹೋಗೋ ಸುಖ ನಿನಗೊಬ್ಬಳಿಗೇ ಬೇಕಾ? ಇಷ್ಟು ವರ್ಷ ಅದನ್ನ ಒಬ್ಬಳೇ ತಿಂದಿದೀಯ. ಪಕ್ಕದವಳಿಗೆ ಒಂದು ತುತ್ತು ಕೊಡಬೇಡ್ವಾ?"

ನನಗೆ ನಗು ಬಂತು. ಜೀವಮಾನದಲ್ಲಿ ಎಷ್ಟೋ ಬೈಗುಳ ಕೇಳಿದ್ದೇನೆ. ಒಬ್ಬಳೇ ತಿಂದೆ ಎಂದು ಬೈಸಿಕೊಂಡದ್ದು ಅದೇ ಮೊದಲು. ನಗು ಬಂದಾಗ ಅಳುವೂ ಜೊತೆಗೇ ಬಂತು. ಎರಡನ್ನೂ ಒದ್ದೆ ಟವೆಲ್ಲಿನಲ್ಲಿ ಒರೆಸಿಕೊಂಡೆ.

"ಮಂಡಿ ಊರೋಕೆ ಆಗುತ್ತಾ ನಿಮಗೆ?"

"ಆಗಲ್ಲ. ಅದು ನನ್ನ ಕಷ್ಟ. ನಡಿ."

ಒಳಗೆ ಹೋದೆವು. ಹಾಡು ಶುರುವಾಗಿರುತ್ತದೆ, ಎಲ್ಲರೂ ಬೂಟು ಹಾಕಿಕೊಂಡು ಮುಂದಿನ ಕೆಲಸ ನೋಡುತ್ತಿರುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಹಾಕಿಕೊಂಡಿರಲಿಲ್ಲ. ತೊಳೆದವರ ಕಾಲೂ ಬರಿದು. ಅಷ್ಟೇ ಅಲ್ಲ, ನಾನು ತಲುಪದಿದ್ದ ಹಿಂದಿನ ಬೆಂಚುಗಳವರೂ ಬಿಚ್ಚಿಟ್ಟು, ತಣ್ಣನೆಯ ಕಲ್ಲಿನ ಮೇಲೆ ಕಾಲಿಟ್ಟುಕೊಂಡು ಕಾಯುತ್ತಿದ್ದರು. ಪಾಸ್ಟರ್ ಒಂದು ಕಾಲಿನ ಮೇಲೆ ಇನ್ನೊಂದು ಕಾಲನ್ನು ಇಟ್ಟುಕೊಂಡು ನಿಂತಿದ್ದರು.

"ಬೇಗ ಕೂತ್ಕೊಳ್ಳಿ ಆಯಮ್ಮ" ಎಂದ ಬೇಕರಿಯವನು, "ನೀವು ಬೆಚ್ಚಗೆ ಮಾಡಿದ್ದೆಲ್ಲ ಆರಿಹೋಗ್ತಿದೆ."

ಕುರ್ಚಿಯ ಮೇಲೆ ಕೂತೆ. ಬೂಟಿನ ದಾರ ಗಂಟು ಬಿದ್ದಿತ್ತು. ತಂಗಿ ಮಗಳು ಓಡಿ ಬಂದಳು. ಕೈ ಅಡ್ಡ ಹಿಡಿದೆ. ಇದನ್ನು ನಾನೇ ಬಿಚ್ಚಬೇಕಾಗಿತ್ತು. ಬಿಚ್ಚಿದೆ. ಕಾಲುಚೀಲ ಎಳೆದೆ. ಬೆಳಕಿಗೆ ನನ್ನ ಕಾಲು ನನಗೇ ಬೇರೆಯವರದ್ದರ ಹಾಗೆ ಕಂಡಿತು. ಯಾರೂ ಮುಖ ತಿರುಗಿಸಲಿಲ್ಲ. ಬೂಟು ಕಚ್ಚಿದ ಗಾಯದವನ ಹೆಂಡತಿ ಮಾತ್ರ, "ಅಯ್ಯೋ, ಎಷ್ಟು ನೊಂದಿದಾವೆ" ಎಂದು ಗಟ್ಟಿಯಾಗಿಯೇ ಅಂದಳು.

ಗಂಟೆಯಮ್ಮನನ್ನು ಇಬ್ಬರು ರಟ್ಟೆ ಹಿಡಿದು ಕೆಳಗಿಳಿಸಿದರು. ಇಳಿಯುವಾಗ ಅವಳು ಇಬ್ಬರನ್ನೂ ಬೈದಳು. ನೀರು ಆರಿದೆ ಎಂದು ಬೆರಳದ್ದಿ ನೋಡಿ, ಉಳಿದ ಕೆಟಲು ತರಿಸಿದಳು. ಆಮೇಲೆ ನನ್ನ ಎಡಗಾಲನ್ನು, ಕಲೆ ಇದ್ದದ್ದನ್ನೇ, ಎರಡೂ ಕೈಯಲ್ಲಿ ಹಿಡಿದಳು.

ಅವಳ ಮುಖವನ್ನೇ ನೋಡುತ್ತಿದ್ದೆ. ಒಂದು ಚಣ ಅಸಹ್ಯಕ್ಕೆ ಮೂಗು ಸುಕ್ಕಾಯಿತು. ನಾನು ಕಂಡೆ. ಆಮೇಲೆ ಹೋಯಿತು. ಹೋದದ್ದನ್ನೂ ಕಂಡೆ. ಅದು ಹೋಗುವಾಗ ಮುಖ ಹೇಗಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಆ ಹೊತ್ತಿನಲ್ಲಿ ನಾನು ಯಾವಾಗಲೂ ತಲೆ ತಗ್ಗಿಸಿರುತ್ತಿದ್ದೆನಲ್ಲ. ಮೇಲೆ ಮಲಗಿದ್ದವರಿಗೆ ಇಷ್ಟು ವರ್ಷ ಕಂಡದ್ದು ಇದೇ ಇರಬೇಕು.

ಕೆಲಸ ಮಾತ್ರ ಅವಳಿಗೆ ಬರುತ್ತಿರಲಿಲ್ಲ. ನೀರೆಲ್ಲ ನನ್ನ ಬಟ್ಟೆಯ ಮೇಲೆ.

"ಬೆರಳ ಸಂದೀಲಿ ಒರೆಸಿ" ಅಂದೆ ತಡೆಯಲಾರದೆ. "ಒದ್ದೆ ಬಿಟ್ರೆ ಹುಣ್ಣಾಗುತ್ತೆ."

"ಬಾಯ್ಮುಚ್ಚು. ರೋಗಿಗಳು ಮಾತಾಡಬಾರದು."

ಇಡೀ ಚರ್ಚು ನಕ್ಕಿತು. ಪಾಸ್ಟರ್ ನಗು ತಡೆಯಲಾಗದೆ ನಿಲುವಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ನಗುತ್ತಿದ್ದಂತೆ ಮಂಡಿ, ಸೊಂಟ, ಹೆಗಲು, ಎಲ್ಲೆಲ್ಲಿ ಬಿಗಿ ಹಿಡಿದಿದ್ದೆನೋ ಅಲ್ಲೆಲ್ಲ ಸಡಿಲವಾಯಿತು. ಬೆಚ್ಚನೆಯ ನೀರು ಕಾಲಿನ ಮೇಲೆ ಇಳಿಯಿತು. 'ಸ್ವಾಮಿ, ಬೆಚ್ಚಗಿದೆ' ಎಂದು ಮನಸ್ಸಿನಲ್ಲೇ ಹೇಳಿದೆ.

ಮೇಷ್ಟ್ರು ಬಂದು ಒಂದು ಬೊಗಸೆ ಹಾಕಿದರು. ಬೇಕರಿಯವನು, ಅಂಗಡಿಯ ಹೆಂಗಸು, ಪಾಸ್ಟರ್, ಒಬ್ಬರ ಹಿಂದೆ ಒಬ್ಬರು ಬಂದರು. ತಂಗಿ ಮಗಳು ಬಂದಾಗ ನೀರಿಗಿಂತ ಅವಳ ಕಣ್ಣೀರೇ ಜಾಸ್ತಿ. ಎಲ್ಲ ಮುಗಿದ ಮೇಲೆ ನೋಡಿದರೆ ಗಂಟೆಯಮ್ಮನಿಗೆ ಏಳಲಾಗುತ್ತಿಲ್ಲ. ಹಿಡಿದು ಎಳೆದವರಿಗೆಲ್ಲ ಬೈಗುಳ.

"ಸರಿಯಿರಿ" ಅಂದೆ. ಬರಿಗಾಲಲ್ಲಿ ಎದ್ದು ಅವಳ ಮುಂದೆ ಬಗ್ಗಿದೆ. "ನನ್ನ ಕೊರಳಿಗೆ ಕೈ ಹಾಕಿ. ಉಸಿರು ಬಿಡಿ. ಹಾಂ, ಈಗ."

ಎತ್ತಿ ನಿಲ್ಲಿಸಿದೆ. ನಿಂತ ಮೇಲೂ ಅವಳು ಕೊರಳಿನ ಕೈ ತೆಗೆಯಲಿಲ್ಲ. "ಬಂದೆಯಲ್ಲ, ಸಾಕು" ಎಂದು ಕಿವಿಯ ಹತ್ತಿರ ಮೆಲ್ಲಗೆ ಅಂದಳು. ಅವಳಿಗೆ ಮೆಲ್ಲಗೆ ಮಾತಾಡಲೂ ಬರುತ್ತದೆ ಎಂದು ಆಗ ಗೊತ್ತಾಯಿತು.

ರೊಟ್ಟಿಯ ತಟ್ಟೆ ಮೇಜಿನಿಂದ ನೇರವಾಗಿ ನನ್ನ ಬಳಿಗೆ ಬಂತು. ಪಾಸ್ಟರ್ ಸರಿಸಲಿಲ್ಲ, ದಾಟಿಸಲಿಲ್ಲ, ತಟ್ಟೆಯನ್ನೇ ನನ್ನ ಎರಡೂ ಕೈಗೆ ಇಟ್ಟರು. ಬೇಕರಿಯವನೇ ಸುಟ್ಟ ಸಾಧಾರಣ ರೊಟ್ಟಿ. ಅಂಚು ಸ್ವಲ್ಪ ಗಟ್ಟಿ. ನಿಧಾನವಾಗಿ ಅಗಿದೆ. ನುಂಗಲು ಮನಸ್ಸಾಗಲಿಲ್ಲ. ನುಂಗಿದ ಮೇಲೆ ನನ್ನ ಒಳಗೆ ಜಾಗ ಎಷ್ಟು ದೊಡ್ಡದಾಗಿತ್ತೆಂದರೆ, ಸತ್ತುಹೋದ ಅತ್ತೆಯನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬಹುದಾಗಿತ್ತು.

ಆ ಸಭೆಯಲ್ಲಿ ಹೊಸಬರು ಸೇರಿದ ದಿನ ಎಲ್ಲರೂ ಬರಿಗಾಲಲ್ಲೇ ಹಾಡುತ್ತ ಬೀದಿ ಸುತ್ತಿ ಬರುತ್ತಾರಂತೆ. ಹೊಸಬರು ಮುಂದೆ.

"ಈಗಷ್ಟೇ ತೊಳೆದದ್ದು, ಮತ್ತೆ ಕೊಳೆಯಾಗಲ್ವಾ?" ಎಂದು ಕೇಳಿದೆ.

"ಆಗಲಿ ಬಿಡು" ಎಂದಳು ಗಂಟೆಯಮ್ಮ. "ಮತ್ತೆ ತೊಳೆದರಾಯ್ತು, ನಾವೆಲ್ಲ ಎಲ್ಲಿಗೆ ಹೋಗ್ತೀವಿ?"

ದೊಡ್ಡ ಬಾಗಿಲನ್ನು ಎರಡೂ ಕಡೆಗೆ ತೆರೆದರು. ಬಿಸಿಲು ಒಮ್ಮೆಲೇ ಒಳಗೆ ನುಗ್ಗಿತು. ನಾನು ಹೊಸ್ತಿಲು ದಾಟಿದೆ. ರಸ್ತೆ ಬೆಚ್ಚಗಿತ್ತು, ಸಣ್ಣ ಕಲ್ಲು ಚುಚ್ಚುತ್ತಿತ್ತು. ನನ್ನ ಸೊಟ್ಟ ಉಗುರು, ಬೆಳ್ಳನೆ ಚರ್ಮ, ಸುಕ್ಕಿನ ಕಲೆ ಎಲ್ಲವೂ ಹಾಡುಹಗಲಲ್ಲಿ ಊರಿನ ನಡುವೆ ನಡೆದವು. ಹಿಂದೆ ಮೇಷ್ಟ್ರ ದಪ್ಪ ದನಿ, ಬೇಕರಿಯವನ ಕೀಚಲು ದನಿ, ಎಲ್ಲವನ್ನೂ ಮೀರಿಸಿ ಗಂಟೆಯಮ್ಮನ ದನಿ.

ತಿರುವಿನಲ್ಲಿ ಒಂದು ಲಾರಿ ನಮಗೆ ದಾರಿ ಬಿಟ್ಟು ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹಾಕಿದ.

"ಯಾರದು ಅಜ್ಜೀ, ಈ ಮೆರವಣಿಗೆ?"

ನಾನು ಎಷ್ಟೋ ಸಾವಿನ ಮೆರವಣಿಗೆಗಳನ್ನು ಆಸ್ಪತ್ರೆಯ ಗೇಟಿನಿಂದ ಕಳಿಸಿಕೊಟ್ಟವಳು. ಯಾರದು ಎಂದು ಜನ ಕೇಳಿದಾಗಲೆಲ್ಲ ಬೇರೆಯವರ ಹೆಸರು ಹೇಳಿದವಳು.

"ನಂದು ಕಣಪ್ಪ" ಅಂದೆ.

ಅವನು ಹಾರ್ನು ಹೊ‍ಡೆದ, ಉದ್ದಕ್ಕೆ, ಬೀದಿಯೆಲ್ಲ ಕೇಳುವ ಹಾಗೆ. ಹಾಡಿನ ಮಾತುಗಳು ನನಗೆ ಬರುತ್ತಿರಲಿಲ್ಲ. ಬಾಯಿ ತುಂಬ ತೆರೆದು, ಬಂದ ದನಿಯಲ್ಲಿ, ಎಲ್ಲರಿಗಿಂತ ಮುಂದೆ ಹಾಡಿಕೊಂಡು ನಡೆದೆ.